ಮುಂದಿನ ಟೈರ್ ವಾಲ್ವ್ ಹತ್ತಿರ ತಗ್ಗಿ ಕೂತಿದೆ, 40 ಪಿಎಸ್‌ಐಗೂ (ಗಾಳಿ ಒತ್ತಡದ ಅಳತೆ) ಮೇಲೇಳ್ತಿಲ್ಲ (29×2.4 ಟ್ಯೂಬ್‌ಲೆಸ್)

ಮಣ್ಣುದಾರಿ:

ಎಂಟಿಬಿಯ (ಗುಡ್ಡಗಾಡು ಸೈಕಲ್) ಮುಂದಿನ ಗಾಲಿ. 29 ಇಂಚಿನ ಅಲ್ಯೂಮಿನಿಯಂ ರಿಮ್, ಒಳ ಅಗಲ 30 ಮಿಮೀ, ಹುಕ್ (ಗೋಡೆಯ ಅಂಚು ಒಳಕ್ಕೆ ಬಾಗಿದ್ದು) ಇರುವ ಮಾದರಿ. ಟೈರ್ ಅಗಲ 2.4 ಇಂಚು, ಮಡಚುವ ಬೀಡ್ (ರಿಮ್‌ನೊಳಗೆ ಕೂರುವ ಟೈರಿನ ಅಂಚು), ಟ್ಯೂಬ್‌ಲೆಸ್ (ಟ್ಯೂಬ್ ಇಲ್ಲದೆ ಓಡಿಸುವ) ರೆಡಿ ಅಂತ ಪಕ್ಕದಲ್ಲೇ ಬರೆದಿದೆ. ರಿಮ್ ಒಳಗಿನ ಸ್ಪೋಕ್ ತೂತು ಮುಚ್ಚುವ ಟೇಪ್ ಹೊಸದಾಗಿ ಸುತ್ತಿದ್ದು. ವಾಲ್ವ್ ಕೋರ್ (ವಾಲ್ವ್ ಒಳಗಿನ ಬಿಚ್ಚುವ ತಿರುಳು) ತೆಗೆದು ಫ್ಲೋರ್ ಪಂಪಿನಲ್ಲಿ ಹೊಡೆದರೆ ಟಪ್ ಟಪ್ ಅಂತ ಕೂರುತ್ತೆ, ಗಾಳಿಯೂ ನಿಲ್ಲುತ್ತೆ. ಸೀಲಂಟ್ (ಸಣ್ಣ ತೂತು ಮುಚ್ಚುವ ದ್ರವ) ಇನ್ನೂ ಹಾಕಿಲ್ಲ.

ತೊಂದರೆ ಇಷ್ಟು: ವಾಲ್ವ್‌ನಿಂದ ಬಲಕ್ಕೆ ಒಂದು ಗೇಣು ಉದ್ದ ಟೈರ್ ಒಳಗೇ ಉಳಿದಿದೆ, ಅದೂ ಎರಡೂ ಪಕ್ಕ. ರಿಮ್ ಅಂಚಿಗೆ ಹತ್ತಿಕೊಂಡಂತೆ ಟೈರಿನ ಮೇಲೆ ಸುತ್ತಲೂ ಒಂದು ತೆಳು ಗೆರೆ ಇರುತ್ತಲ್ಲ, ಅದು ಬೇರೆ ಕಡೆ ಅಂಚಿನಿಂದ 4 ಮಿಮೀ ಮೇಲಿದೆ. ಈ ಗೇಣು ಜಾಗದಲ್ಲಿ ಗೆರೆಯೇ ಕಾಣಲ್ಲ. ಗಾಲಿ ತಿರುಗಿಸಿದರೆ ಸುತ್ತಿಗೊಂದು ಕುಣಿತ. ಸೋಪಿನ ನೀರು ಹಚ್ಚಿ 40ರವರೆಗೆ ಹೊಡೆದಾಯ್ತು. ಟೈರ್ ಮೇಲೆ ಗರಿಷ್ಠ 50 ಅಂತಿದೆ, ರಿಮ್ ಸ್ಟಿಕರ್ ಮೇಲೆ 40. ಇನ್ನೂ ಏರಿಸಬಹುದಾ? ತಪ್ಪು ಟೈರಿನದಾ, ರಿಮ್‌ನದಾ, ಹೇಗೆ ಗೊತ್ತುಮಾಡಿಕೊಳ್ಳೋದು?

ಎರಡುಗಾಲಿ:

ಸೋಪ್ ಜಾಸ್ತಿ ಮಾಡಿ, 55-60ಕ್ಕೆ ಹೊಡೆದು ಹತ್ತು ನಿಮಿಷ ಬಿಡಿ. ಕೂರದ ಟೈರೇ ಇಲ್ಲ. ಪಂಪಿನಲ್ಲಿ ಆಗದಿದ್ದರೆ ಪೆಟ್ರೋಲ್ ಬಂಕಿಗೆ ಹೋಗಿ, ಪ್ರೆಸ್ಟಾದಿಂದ (ತೆಳು ಸೈಕಲ್ ವಾಲ್ವ್) ಶ್ರೇಡರ್‌ಗೆ (ಬೈಕು, ಕಾರಿನ ದಪ್ಪ ವಾಲ್ವ್) ಬದಲಿಸುವ ಹಿತ್ತಾಳೆ ಅಡಾಪ್ಟರ್ ಸಾಕು.

ಸ್ಪೋಕ್‌ಕೀಲಿ:

ಮೇಲಿನ ಸಲಹೆ ದಯವಿಟ್ಟು ಬೇಡ. ರಿಮ್ 40 ಅಂದಮೇಲೆ ನಿಮ್ಮ ಮಿತಿ 40. ಟೈರಿನ ಅಂಕಿ ಮತ್ತು ರಿಮ್‌ನ ಅಂಕಿ, ಎರಡರಲ್ಲಿ ಯಾವುದು ಕಡಿಮೆಯೋ ಅದೇ ಗಡಿ. ಅಗಲ ಟೈರಿನಲ್ಲಿ ಗಾಳಿಯ ಪ್ರಮಾಣ ದೊಡ್ಡದು. 60ರಲ್ಲಿ ಬೀಡ್ ರಿಮ್ ದಾಟಿ ಹಾರಿದರೆ ಕಿವಿ, ಕಣ್ಣು, ಬೆರಳು ಮೂರಕ್ಕೂ ಅಪಾಯ, ರಿಮ್ ಅಂಚೂ ಬಾಗಬಹುದು. ಹುಕ್ ಇಲ್ಲದ ರಿಮ್‌ನಲ್ಲಂತೂ ಈ ಮಿತಿ ಮೀರಲೇಬಾರದು. 40ರ ಒಳಗೆ ಹೊಡೆಯುವಾಗಲೂ ಕನ್ನಡಕ ಹಾಕಿಕೊಳ್ಳಿ, ಮುಖವನ್ನು ಟೈರಿನ ಪಕ್ಕಕ್ಕೆ ತರಬೇಡಿ.

ಬಂಕಿನ ಮಾತು. ಗಾಳಿ ರಭಸವಾಗಿ ನುಗ್ಗುತ್ತಿರುವಾಗ ಮೀಟರ್ ತೋರಿಸುವುದು ಪೈಪಿನೊಳಗಿನ ಒತ್ತಡ, ಟೈರಿನದ್ದಲ್ಲ. ಹೊಡೆಯುವುದು ನಿಲ್ಲಿಸಿದ ಮೇಲೆ ಬರುವ ಅಂಕಿಯೇ ನಿಜ. ಮೀಟರೇ ಇಲ್ಲದ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಲಾರಿ ಟೈರಿಗೆ ಆಗುವಷ್ಟು ಒತ್ತಡ ಹಿಡಿದಿರುತ್ತೆ, ಕೆಲವೇ ಸೆಕೆಂಡಿನಲ್ಲಿ ಮಿತಿ ದಾಟಿಬಿಡುತ್ತೆ.

ಇನ್ನು ಒಂದು ಗೊಂದಲ ಬಿಡಿಸೋಣ. ಟೈರ್ ಕೂರದೇ ಇರುವುದು ಬೇರೆ, ಕೂತೂ ಸಮವಾಗದೇ ಇರುವುದು ಬೇರೆ. ಮೊದಲನೆಯದಕ್ಕೆ ರಭಸದ ಗಾಳಿ ಬೇಕು: ಕೋರ್ ತೆಗೆಯೋದು, ಬೂಸ್ಟರ್ ಡಬ್ಬಿ (ಗಾಳಿ ತುಂಬಿಟ್ಟು ಒಮ್ಮೆಲೇ ಬಿಡುವುದು), ಕಂಪ್ರೆಸರ್ ಎಲ್ಲಾ ಅದಕ್ಕೇ. ನಿಮ್ಮದು ಎರಡನೆಯದು. ಇಲ್ಲಿ ಗಾಳಿ ಸಾಲದೇ ಬಂದಿಲ್ಲ, ಆ ಗೇಣು ಜಾಗದಲ್ಲಿ ಬೀಡನ್ನು ಏನೋ ಹಿಡಿದಿಟ್ಟಿದೆ. ಹಿಡಿದಿರುವುದನ್ನು ಬಿಡಿಸದೆ ಒತ್ತಡ ಏರಿಸಿದರೆ ಬಲವೆಲ್ಲ ಬೇರೆ ಕಡೆ ಬೀಳುತ್ತೆ.

ಯಾಕೆ ಅಂದರೆ ರಿಮ್‌ನ ಒಳಭಾಗ ಹೀಗಿದೆ. ನಡುವೆ ಒಂದು ಕಾಲುವೆ. ಅದರ ಎರಡೂ ಪಕ್ಕ, ಸ್ವಲ್ಪ ಎತ್ತರದಲ್ಲಿ, ಬೀಡ್ ಕೂರುವ ಜಗಲಿ. ಜಗಲಿಯ ಆಚೆ ರಿಮ್‌ನ ಗೋಡೆ. ಟೈರ್ ಹಾಕುವಾಗ ಬೀಡ್ ಕಾಲುವೆಯಲ್ಲಿರುತ್ತೆ, ಗಾಳಿ ತುಂಬಿದಾಗ ಜಗಲಿ ಹತ್ತುತ್ತೆ, ಆ ಟಪ್ ಸದ್ದು ಅದೇ. ಮಡಚುವ ಬೀಡ್ ಒಳಗಿರುವುದು ಅರಾಮಿಡ್ ನಾರು, ಅದು ಹಿಗ್ಗುವ ವಸ್ತುವಲ್ಲ. ಅದರ ಸುತ್ತಳತೆ ಬದಲಾಗದು. ಹಾಗಾಗಿ ಒಂದು ಕಡೆ ಕಾಲುವೆಯಲ್ಲೇ ಉಳಿದರೆ ಅಲ್ಲಿ ಉಳಿದ ಸಡಿಲ ಇನ್ನೆಲ್ಲೋ ಖರ್ಚಾಗಬೇಕು, ಸಾಮಾನ್ಯವಾಗಿ ಎದುರು ಪಕ್ಕದಲ್ಲಿ. ತಗ್ಗಿನ ನೇರ ಎದುರು ಗೆರೆ ಎಷ್ಟು ಮೇಲಿದೆ ಅಳೆಯಿರಿ. ಅಲ್ಲಿ 5-6 ಮಿಮೀ ಇದ್ದರೆ ಬೀಡ್ ಅಲ್ಲಿ ಹುಕ್ಕಿನ ಕಡೆಗೆ ಹತ್ತತೊಡಗಿದೆ ಅಂತ. ಆ ಸ್ಥಿತಿಯಲ್ಲಿ ಒಂದು ಪಿಎಸ್‌ಐ ಕೂಡ ಏರಿಸಬಾರದು, ತಕ್ಷಣ ಇಳಿಸಬೇಕು. ಎಲ್ಲರ ಕಣ್ಣೂ ತಗ್ಗಿನ ಮೇಲೇ ಇರುತ್ತೆ. ಟೈರ್ ಹಾರುವುದು ಉಬ್ಬಿದ ಕಡೆಯಿಂದ.

ಈಗ ತಪ್ಪು ಯಾರದು ಅನ್ನೋ ಪ್ರಶ್ನೆ. ಇದಕ್ಕೆ ಸುಲಭದ ಪರೀಕ್ಷೆ ಇದೆ. ತಗ್ಗಿನ ಜಾಗಕ್ಕೆ ಟೈರಿನ ಮೇಲೊಂದು, ರಿಮ್ ಮೇಲೊಂದು ಸೀಮೆಸುಣ್ಣದ ಗುರುತು ಹಾಕಿ. ಗಾಳಿ ಪೂರ್ತಿ ಬಿಟ್ಟು, ಎರಡೂ ಬೀಡನ್ನು ಸುತ್ತಲೂ ಒತ್ತಿ ಕಾಲುವೆಗೆ ಇಳಿಸಿ, ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ತಗ್ಗು ರಿಮ್‌ನ ಗುರುತಿನ ಬಳಿಯೇ ಉಳಿದರೆ ದೋಷ ರಿಮ್, ಟೇಪ್, ವಾಲ್ವ್ ಮೂರರಲ್ಲೊಂದು. ಟೈರಿನ ಗುರುತಿನ ಜೊತೆ ಎದುರಿಗೆ ಹೋದರೆ ದೋಷ ಟೈರಿನ ಬೀಡಿನಲ್ಲಿ. ಎಲ್ಲಿಂದೆಲ್ಲಿಗೋ ಹೋದರೆ ಬರೀ ಘರ್ಷಣೆ, ಸೋಪ್ ಸಾಲದು.

ಪರೀಕ್ಷೆ ಮಾಡಿ ಹೇಳಿ. ಜೊತೆಗೆ ಯಾವ ಟೇಪ್, ಎಷ್ಟು ಸುತ್ತು, ಕೊನೆ ಎಲ್ಲಿ ಬಂದಿದೆ ಅಂತಾನೂ ಬರೆಯಿರಿ. ತಗ್ಗು ವಾಲ್ವ್ ಪಕ್ಕದಲ್ಲೇ ಇರುವುದರಿಂದ ಅನುಮಾನ ಅಲ್ಲಿಗೇ ಹೋಗುತ್ತೆ.

ಕಲ್ಲುಹಾದಿ:

ಸ್ಪೋಕ್‌ಕೀಲಿ ಹೇಳಿದ ಪರೀಕ್ಷೆಗೆ ಮುಂಚೆ ವಾಲ್ವ್ ಒಮ್ಮೆ ನೋಡಿಬಿಡಿ, ಎರಡು ನಿಮಿಷದ ಕೆಲಸ. ವಾಲ್ವ್‌ನ ರಬ್ಬರ್ ಬುಡ ಅಗಲವಾಗಿದ್ದು ಕಾಲುವೆ ಕಿರಿದಾಗಿದ್ದರೆ ಬೀಡ್ ಅದರ ಮೇಲೇ ಕೂತುಬಿಡುತ್ತೆ. ನಟ್ ಸಡಿಲಿಸಿ, ವಾಲ್ವನ್ನು ಒಳಕ್ಕೆ ಒಂದು ಸೆಂಟಿಮೀಟರ್ ತಳ್ಳಿ, ಎರಡೂ ಬೀಡನ್ನು ಬುಡದ ಅಕ್ಕಪಕ್ಕಕ್ಕೆ ಸರಿಸಿ, ವಾಲ್ವ್ ಹೊರಗೆಳೆದು ನಟ್ ಬೆರಳಲ್ಲಷ್ಟೇ ಬಿಗಿ ಮಾಡಿ. ಇಕ್ಕಳ ಬೇಡ. ಇಕ್ಕಳದಲ್ಲಿ ಬಿಗಿದರೆ ರಬ್ಬರ್ ಅಡಿಯ ಟೇಪ್ ಹರಿಯುತ್ತೆ, ದಾರಿಯಲ್ಲಿ ಟ್ಯೂಬ್ ಹಾಕಬೇಕಾದಾಗ ನಟ್ ಬಿಚ್ಚೋಕೂ ಬರಲ್ಲ.

ಸೋಪ್ ಬಗ್ಗೆ. ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಪಾಲು, ನೀರು ನಾಲ್ಕೈದು ಪಾಲು. ಬ್ರಷ್‌ನಿಂದ ಬೀಡ್‌ಗೂ ರಿಮ್ ಗೋಡೆಗೂ ಹಚ್ಚಿ. ನೀರು ತುಂಬಾ ತೆಳುವಾದರೆ ಗಾಳಿ ಹೊಡೆಯುವಷ್ಟರಲ್ಲಿ ಹರಿದುಹೋಗುತ್ತೆ. ಕಾರಿನ ಟೈರ್ ಕೂರಿಸಲು ಪಂಕ್ಚರ್ ಅಂಗಡಿಯವರು ಬಳಸೋ ಸೋಪಿನ ಪೇಸ್ಟ್ ಸಿಕ್ಕರೆ ಇನ್ನೂ ಒಳ್ಳೇದು, ಬೇಗ ಒಣಗಲ್ಲ. ಗ್ರೀಸ್, ಎಂಜಿನ್ ಆಯಿಲ್, ಚೈನಿಗೆ ಹೊಡೆಯೋ ಸ್ಪ್ರೇ ಯಾವುದೂ ಮುಟ್ಟಿಸಬೇಡಿ. ಅವು ರಬ್ಬರ್ ಹಾಳುಮಾಡೋದು ಒಂದು ಕಡೆ. ಮುಖ್ಯ ವಿಷಯ ಅಂದರೆ ಒಣಗೋದೇ ಇಲ್ಲ. ಸೋಪ್ ಒಣಗಿದ ಮೇಲೆ ಬೀಡ್ ರಿಮ್‌ಗೆ ಕಚ್ಚಿಕೊಳ್ಳಬೇಕು. ಎಣ್ಣೆ ಇದ್ದರೆ ಕಡಿಮೆ ಒತ್ತಡದಲ್ಲಿ ತಿರುವು ತೆಗೆದುಕೊಂಡಾಗ ಬೀಡ್ ಜಾರಿ ಗಾಳಿ ಬುಸ್ ಅಂತ ಹೊರಬರುತ್ತೆ.

ತಗ್ಗಿಗೆ ಕೈಕೆಲಸ ಹೀಗೆ. ಗಾಳಿಯನ್ನು 10ಕ್ಕಿಂತ ಕೆಳಗೆ ಇಳಿಸಿ. ತಗ್ಗಿನ ಜಾಗವನ್ನೂ ಅದರ ಆಚೀಚೆ ಒಂದೊಂದು ಗೇಣನ್ನೂ ಹೆಬ್ಬೆರಳಿನಿಂದ ಒಳಗೆ ಒತ್ತಿ, ಬೀಡನ್ನು ಗೋಡೆಯಿಂದ ಬಿಡಿಸಿ. ಆ ಸಂದಿನೊಳಗೆ ಧಾರಾಳವಾಗಿ ಸೋಪ್ ಹಚ್ಚಿ. 15-20ಕ್ಕೆ ಗಾಳಿ ತುಂಬಿ. ಗಾಲಿಯನ್ನು ತೊಡೆಯ ಮೇಲೆ ಒರಗಿಸಿಕೊಂಡು ತಗ್ಗಿನ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ರಿಮ್‌ನಿಂದ ಹೊರಕ್ಕೆ ಎಳೆಯುತ್ತಾ ಎಡಬಲ ತಿರುಚಿ. ಮತ್ತೆ ಐದೈದೇ ಪಿಎಸ್‌ಐ ಏರಿಸುತ್ತಾ ಗೆರೆ ನೋಡ್ತಾ ಹೋಗಿ. ಟಪ್ ಅನ್ನುವ ಕೊನೆ ಸದ್ದು ತಗ್ಗಿದ ಜಾಗದಿಂದಲೇ ಬರಬೇಕು. ಒಂದೇ ಸಲ ಬರದಿದ್ದರೆ ಮೂರು ಸಲ ಮಾಡಿ. ಪ್ರತಿ ಸಲವೂ ಸೋಪ್ ಹೊಸದಾಗಿ ಹಚ್ಚಬೇಕು, ಹಳೇದು ಅಷ್ಟರಲ್ಲಿ ಅಂಟಾಗಿರುತ್ತೆ.

ಪೆಟ್ಟಿಗೆಯಲ್ಲಿ ಮಡಚಿ ಇಟ್ಟಿದ್ದ ಹೊಸ ಟೈರ್ ಆದರೆ ಕೈಕೆಲಸಕ್ಕೆ ಮುಂಚೆ ಅರ್ಧ ಗಂಟೆ ಬಿಸಿಲಿಗಿಡಿ. ರಬ್ಬರ್ ಮೆತ್ತಗಾಗಿ ಮಡಿಕೆ ಬಿಡುತ್ತೆ.

ಮಣ್ಣುದಾರಿ:

ಪರೀಕ್ಷೆ ಆಯ್ತು. ಟೈರ್ ಅರ್ಧ ಸುತ್ತು ತಿರುಗಿಸಿದ ಮೇಲೂ ತಗ್ಗು ವಾಲ್ವ್‌ನ ಬಲಕ್ಕೇ ಇದೆ. ಎದುರು ಪಕ್ಕ ಗೆರೆ 5 ಮಿಮೀ, ಗಾಳಿ ಇಳಿಸಿಬಿಟ್ಟೆ. ವಾಲ್ವ್ ಬುಡ ಕಾಲುವೆಯೊಳಗೆ ಸರಿಯಾಗೇ ಕೂತಿದೆ.

ಟೇಪ್: ಟ್ಯೂಬ್‌ಲೆಸ್ ಟೇಪ್ ಸಿಗದೆ ಗೊರಿಲ್ಲಾ ಟೇಪ್ ಹಾಕಿದ್ದು, ಬಟ್ಟೆ ಬೆನ್ನಿನ ಕಪ್ಪು ಟೇಪ್. 48 ಮಿಮೀ ಅಗಲದ್ದನ್ನು ಕತ್ತರಿಸಿ 36 ಮಾಡಿ ಎರಡು ಸುತ್ತು. ಕೊನೆ ವಾಲ್ವ್ ದಾಟಿ ಬಲಕ್ಕೆ 15 ಸೆಂಮೀ.

ಸ್ಪೋಕ್‌ಕೀಲಿ:

ಸಿಕ್ಕಿತು. ಲೆಕ್ಕ ನೋಡಿ, ಯಾಕೆ ಅಂತ ತಾನಾಗಿ ಗೊತ್ತಾಗುತ್ತೆ.

29 ಇಂಚಿನ ರಿಮ್‌ನಲ್ಲಿ ಬೀಡ್ ಕೂರುವ ಜಾಗದ ವ್ಯಾಸ 622 ಮಿಮೀ, ಸುತ್ತಳತೆ ಸುಮಾರು 1954. ಗೊರಿಲ್ಲಾ ಟೇಪಿನ ದಪ್ಪ ಸುಮಾರು 0.43 ಮಿಮೀ. ಎರಡು ಸುತ್ತಿಗೆ 0.86, ಅಂದರೆ ವ್ಯಾಸ 1.7 ಮಿಮೀ ಹೆಚ್ಚಿತು, ಸುತ್ತಳತೆ 5 ಮಿಮೀಗೂ ಮೀರಿ ಬೆಳೆಯಿತು. ಹಿಗ್ಗದ ಬೀಡಿಗೆ ಈ 5 ಮಿಮೀ ಎಲ್ಲಿಂದ ಬರಬೇಕು? ಸುತ್ತಲೂ ಜಗಲಿ ಹತ್ತುವಷ್ಟು ಉದ್ದ ಅದರಲ್ಲಿ ಉಳಿದೇ ಇಲ್ಲ. ಎಲ್ಲಾದರೂ ಒಂದು ಕಡೆ ಕಾಲುವೆಯಲ್ಲೇ ನಿಲ್ಲಬೇಕು. ಅದು ನಿಮ್ಮ ಟೇಪಿನ ಕೊನೆಯಲ್ಲೇ ನಿಂತಿದೆ, ಯಾಕೆಂದರೆ ಅಲ್ಲಿ ಮೂರು ಪದರ, 1.3 ಮಿಮೀ ದಪ್ಪದ ಮೆಟ್ಟಿಲು. ಅತಿ ಎತ್ತರದ ಮೆಟ್ಟಿಲನ್ನು ಬೀಡ್ ಕೊನೆಗೆ ಹತ್ತಬೇಕು, ಅಷ್ಟರಲ್ಲಿ ಸಡಿಲವೆಲ್ಲ ಮುಗಿದಿರುತ್ತೆ. ಟ್ಯೂಬ್‌ಲೆಸ್‌ಗೆಂದೇ ಬರುವ ತೆಳು ಟೇಪ್ 0.1 ಮಿಮೀ ಆಸುಪಾಸು. ಒಂದು ಸುತ್ತಿಗೆ ಸುತ್ತಳತೆ ಹೆಚ್ಚುವುದು 0.6 ಮಿಮೀ ಅಷ್ಟೆ.

ಅಗಲವೂ ಜಾಸ್ತಿಯಾಯ್ತು. ರಿಮ್‌ನ ಒಳ ಅಗಲಕ್ಕಿಂತ 2ರಿಂದ 4 ಮಿಮೀ ಹೆಚ್ಚಿದ್ದರೆ ಸಾಕು, ಕಾಲುವೆಯ ತಗ್ಗಿಗೆ ಇಳಿದು ಹತ್ತುವಾಗ ಆ ಹೆಚ್ಚಿನದು ಖರ್ಚಾಗುತ್ತೆ. ನಿಮ್ಮ 30ಕ್ಕೆ 32ರಿಂದ 34. ದಪ್ಪ ಟೇಪ್ 36 ಆದಾಗ ಅಂಚು ಗೋಡೆ ಹತ್ತುತ್ತೆ, ಬೀಡ್ ಮೇಲೇಳುವಾಗ ಆ ಅಂಚನ್ನು ಮಡಚಿ ತನ್ನಡಿಗೇ ಹಾಕಿಕೊಳ್ಳುತ್ತೆ.

ಹಳೇ ಟೇಪ್ ಪೂರ್ತಿ ತೆಗೆಯಿರಿ. ಅಂಟಿನ ಉಳಿಕೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಬಟ್ಟೆ ಟೇಪಿನ ಅಂಟು ಮೊಂಡು, ಕೆರೆಯಲು ಪ್ಲಾಸ್ಟಿಕ್ ಟೈರ್ ಲಿವರ್ ಬಳಸಿ, ಚಾಕು ಬೇಡ. ಈ ಹೊತ್ತಿನಲ್ಲೇ ಬರಿಗೈ ಬೆರಳನ್ನು ಜಗಲಿಯ ಮೇಲೆ ಸುತ್ತಲೂ ಓಡಿಸಿ: ರಿಮ್ ಕೂಡುವ ಜಾಗದಲ್ಲಿ ಮುಳ್ಳಿನಂಥ ಲೋಹ ಉಳಿದಿದ್ದರೆ ಸಣ್ಣ ಮರಳುಕಾಗದದಿಂದ ಉಜ್ಜಿ. ಗೋಡೆ ಒಳಕ್ಕೆ ಬಾಗಿದ ಗುಂಡಿಗಳಿದ್ದರೂ ಗೊತ್ತಾಗುತ್ತೆ. ಬೆಂಗಳೂರಿನ ತುರಹಳ್ಳಿ ಕಾಡಿನ ಥರ ಬಂಡೆಗಲ್ಲಿನ ಮೇಲೆ ಓಡಿಸಿದ ಅಲ್ಯೂಮಿನಿಯಂ ರಿಮ್‌ನಲ್ಲಿ ಇವು ಸಾಮಾನ್ಯ.

ಹೊಸ ಟೇಪನ್ನು ವಾಲ್ವ್ ತೂತಿಗೆ 7-8 ಸೆಂಮೀ ಮುಂಚೆ ಶುರುಮಾಡಿ, ಒಂದೇ ಸುತ್ತು, ವಾಲ್ವ್ ದಾಟಿ 7-8 ಸೆಂಮೀಗೆ ಮುಗಿಸಿ. ಬಿಗಿಯಾಗಿ ಎಳೆದು ಹಿಡಿದೇ ಸುತ್ತಬೇಕು, ಸಡಿಲ ಬಿಟ್ಟರೆ ಕಾಲುವೆಯಲ್ಲಿ ಸೇತುವೆ ಕಟ್ಟಿದ ಹಾಗಾಗಿ ಅಡಿಯಲ್ಲಿ ಗಾಳಿ ಉಳಿಯುತ್ತೆ. ಪ್ರತಿ ಗೇಣಿಗೂ ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ತೂತನ್ನು ಬ್ಲೇಡಿನಿಂದ ಅಡ್ಡ-ಉದ್ದ ಕೊಯ್ಯಬೇಡಿ, ಕೊಯ್ದ ಮೂಲೆಯಿಂದ ಹರಿಯುತ್ತಾ ಹೋಗುತ್ತೆ. ಕಾಯಿಸಿದ ಮೊಳೆಯ ತುದಿ ಮುಟ್ಟಿಸಿದರೆ ದುಂಡಗೆ ತೂತಾಗಿ ಅಂಚು ಕರಗಿ ಗಟ್ಟಿಯಾಗುತ್ತೆ.

ಆಮೇಲೆ ಟ್ಯೂಬ್ ಹಾಕಿ ಟೈರ್ ಕೂರಿಸಿ, 30-35 ಪಿಎಸ್‌ಐಯಲ್ಲಿ ಒಂದು ರಾತ್ರಿ ಬಿಡಿ. ಟೇಪ್ ಅಂಟಿಕೊಳ್ಳುತ್ತೆ, ಟೈರಿನ ಮಡಿಕೆಯೂ ಹೋಗುತ್ತೆ. ಬೆಳಿಗ್ಗೆ ಒಂದೇ ಪಕ್ಕದ ಬೀಡ್ ಬಿಡಿಸಿ ಟ್ಯೂಬ್ ಹೊರತೆಗೆಯಿರಿ, ಇನ್ನೊಂದು ಪಕ್ಕ ಕೂತ ಹಾಗೇ ಇರಲಿ. ಅರ್ಧ ಕೆಲಸ ಮುಗಿದ ಹಾಗೆ.

ಹಳೇಹಬ್:

ಇದನ್ನು ಓದಿ ಬೇರೆಯವರು ತಮ್ಮ ಸೈಕಲ್‌ಗೂ ಪ್ರಯತ್ನಿಸಬಹುದು ಅಂತ ಒಂದು ಎಚ್ಚರಿಕೆ. ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ ಎಂಟಿಬಿಗಳಲ್ಲಿ ಬಹುಪಾಲು ತಂತಿ ಬೀಡಿನ ಟೈರ್, ಟ್ಯೂಬ್‌ಗೆಂದೇ ಮಾಡಿದ ರಿಮ್ ಬರುತ್ತೆ. ಆ ರಿಮ್‌ನ ಜಗಲಿಗೆ ಬೀಡನ್ನು ತಡೆದು ಹಿಡಿಯುವ ದಿಬ್ಬ ಇರಲ್ಲ. ಟೇಪ್ ಸುತ್ತಿ ಸೀಲಂಟ್ ಹಾಕಿದರೆ ನಿಂತಂತೆ ಕಾಣುತ್ತೆ, ಆದರೆ ಗೆರೆ ಎಂದೂ ಸಮ ಬರಲ್ಲ, ತಿರುವಿನಲ್ಲಿ ಬೀಡ್ ಒಮ್ಮೆಲೇ ಕಾಲುವೆಗೆ ಬೀಳುತ್ತೆ. ಮುಂದಿನ ಗಾಲಿಯಲ್ಲಿ ಹಾಗಾದರೆ ಹಲ್ಲು ಉಳಿಯುವುದು ಕಷ್ಟ. ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಸೇರಿ 1999ರಲ್ಲಿ ಯುಎಸ್‌ಟಿ ಎಂಬ ಟ್ಯೂಬ್‌ಲೆಸ್ ಪದ್ಧತಿ ತಂದಾಗ ರಿಮ್‌ನ ಆಕಾರ ಮತ್ತು ಟೈರಿನ ಬೀಡ್ ಎರಡನ್ನೂ ಒಂದಕ್ಕೊಂದು ಹೊಂದುವಂತೆ ರೂಪಿಸಿದ್ದು ಸುಮ್ಮನೆ ಅಲ್ಲ. ರಿಮ್ ಮೇಲೆ ಟ್ಯೂಬ್‌ಲೆಸ್ ಅಂತ ಇಲ್ಲದಿದ್ದರೆ ಟ್ಯೂಬೇ ಇರಲಿ.

ವಾಲ್ವ್ ತೂತನ್ನೂ ಗಮನಿಸಿ. ಪ್ರೆಸ್ಟಾಗೆ 6.5 ಮಿಮೀ, ಶ್ರೇಡರ್‌ಗೆ 8.5 ಮಿಮೀ. ದೊಡ್ಡ ತೂತಿಗೆ ತೆಳು ವಾಲ್ವ್ ಹಾಕಿದರೆ ಅದು ವಾಲುತ್ತೆ, ಬುಡ ಒಂದು ಪಕ್ಕ ಎದ್ದು ಬೀಡಿಗೆ ಅಡ್ಡ ಬರುತ್ತೆ. ತಗ್ಗು ಯಾವಾಗಲೂ ವಾಲ್ವ್ ಬಳಿ, ಅದೂ ಒಂದೇ ಪಕ್ಕದಲ್ಲಿ ಇದ್ದರೆ ಇದನ್ನೇ ಮೊದಲು ನೋಡಿ.

ಹಳೇ ಟೈರ್ ಮತ್ತೆ ಹಾಕುವವರಿಗೆ: ಬೀಡ್ ಮೇಲೂ ಜಗಲಿಯ ಮೇಲೂ ಸೀಲಂಟಿನ ಒಣಗಿದ ಲ್ಯಾಟೆಕ್ಸ್ ಸಿಪ್ಪೆ ಕಟ್ಟಿರುತ್ತೆ. ಅದು ಎರಡನೇ ಟೇಪ್ ಇದ್ದ ಹಾಗೆ, ಅಲ್ಲಲ್ಲಿ ದಪ್ಪ ಅಲ್ಲಲ್ಲಿ ತೆಳು. ಉಗುರಿನಿಂದಲೇ ಉಜ್ಜಿ ಸುಲಿಯಿರಿ. ಕಲಬುರಗಿ, ರಾಯಚೂರು ಕಡೆ ಬೇಸಿಗೆ 40 ಡಿಗ್ರಿ ದಾಟುವಾಗ ಸೀಲಂಟ್ ಬೇಗ ಒಣಗುತ್ತೆ, ತಿಂಗಳಿಗೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಮಣ್ಣುದಾರಿ:

ಟೇಪ್ ಬದಲಾಯ್ತು: 33 ಮಿಮೀ ತೆಳು ಟೇಪ್, ಒಂದು ಸುತ್ತು. ರಾತ್ರಿಯಿಡೀ ಟ್ಯೂಬ್. ಬೆಳಿಗ್ಗೆ ಒಂದು ಪಕ್ಕ ಬಿಡಿಸಿ ಟ್ಯೂಬ್ ತೆಗೆದು ಸೋಪ್ ಹಚ್ಚಿ ಹೊಡೆದರೆ 28 ಪಿಎಸ್‌ಐಗೇ ಕೊನೆ ಸದ್ದು ಬಂತು. ಗೆರೆ ಎರಡೂ ಪಕ್ಕ ಸುತ್ತಲೂ 4 ಮಿಮೀ, ವ್ಯತ್ಯಾಸ ಅರ್ಧ ಮಿಮೀ ಕೂಡ ಇಲ್ಲ. ಮೇಲೆ-ಕೆಳಗಿನ ಕುಣಿತ ಹೋಯ್ತು. ಆದರೆ ನಾಬ್‌ಗಳ (ಟೈರಿನ ಮೇಲಿನ ರಬ್ಬರ್ ಗುಬ್ಬಿಗಳು) ಸಾಲು ಎಡಬಲಕ್ಕೆ ಸುಮಾರು 2 ಮಿಮೀ ಓಲಾಡುತ್ತಿದೆ. ಇದೂ ಕೂರಿಸುವುದರ ದೋಷವಾ? ಮತ್ತೆ, ಸೀಲಂಟ್ ಈಗ ಹಾಕಬಹುದಾ?

ಸ್ಪೋಕ್‌ಕೀಲಿ:

ಮೊದಲು ರಿಮ್ ನೋಡಿ. ಫೋರ್ಕಿನ ಕಾಲಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿ, ತುದಿಯನ್ನು ರಿಮ್ ಗೋಡೆಗೆ ಕೂದಲೆಳೆ ಅಂತರ ಬರುವಂತೆ ಕತ್ತರಿಸಿ, ಗಾಲಿ ತಿರುಗಿಸಿ. ರಿಮ್ ಒಂದು ಮಿಮೀ ಒಳಗೆ ಓಡುತ್ತಿದ್ದು, ಗೆರೆಯೂ ಸಮವಿದ್ದು, ನಾಬ್ ಮಾತ್ರ ಓಲಾಡಿದರೆ ಅದು ಟೈರಿನ ಮೈಯಲ್ಲೇ ಇರುವ ವಕ್ರ. ಕಾರ್ಖಾನೆಯಲ್ಲಿ ಟ್ರೆಡ್ ರಬ್ಬರನ್ನು ಬಟ್ಟೆಯ ಮೇಲೆ ಕೂರಿಸುವಾಗ ಬಂದದ್ದು, ನೀವು ಏನು ಮಾಡಿದರೂ ಹೋಗಲ್ಲ. 2 ಮಿಮೀ ಮಣ್ಣಿನ ದಾರಿಯಲ್ಲಿ ಗೊತ್ತೇ ಆಗಲ್ಲ, ಬಿಡಿ. 4-5 ಮಿಮೀ ದಾಟಿದರೆ, ಅಥವಾ ಓಡಿಸಿದಂತೆ ಹೆಚ್ಚುತ್ತಾ ಬಂದರೆ, ಒಳಗಿನ ನೂಲು ಹರಿಯುತ್ತಿದೆ ಅಂತ. ಆಗ ಟೈರ್ ವಾಪಸ್ ಕೊಡಿ.

ಸೀಲಂಟ್ ಹಾಕಬಹುದು. ಗಾಳಿ ನಿಧಾನ ಬಿಟ್ಟು ಕೋರ್ ತೆಗೆಯಿರಿ, ಟೈರ್ ಮುಟ್ಟಬೇಡಿ. ಗಾಳಿ ಪೂರ್ತಿ ಹೋದಮೇಲೂ ಬೀಡ್ ಜಗಲಿಯ ಮೇಲೇ ನಿಂತಿದ್ದರೆ ಟೇಪಿನ ದಪ್ಪ ಸರಿಯಿದೆ. ತಾನಾಗಿ ಕಾಲುವೆಗೆ ಬಿದ್ದರೆ ಮಾತ್ರ ಇನ್ನೊಂದು ಸುತ್ತು ತೆಳು ಟೇಪ್ ಬೇಕು. ವಾಲ್ವನ್ನು ಗಡಿಯಾರದ 4 ಅಥವಾ 8ರ ಜಾಗಕ್ಕೆ ತಂದು, ಬಾಟಲಿ ಚೆನ್ನಾಗಿ ಕುಲುಕಿ, 29×2.4ಕ್ಕೆ 100ರಿಂದ 120 ಮಿಲೀ ಸಿರಿಂಜಿನಿಂದ ಒಳಗೆ ಬಿಡಿ. ವಾಲ್ವ್ ಮೇಲಕ್ಕೆ ತಂದು ಕೋರ್ ಹಾಕಿ 30ಕ್ಕೆ ಹೊಡೆಯಿರಿ. ಸೀಲಂಟ್ ಇರುವಾಗ ಇಂಗಾಲದ ಡೈಆಕ್ಸೈಡ್ ಕ್ಯಾನ್ ಬಳಸಬೇಡಿ, ಕೆಲವು ಲ್ಯಾಟೆಕ್ಸ್ ಒಳಗೇ ಹೆಪ್ಪುಗಟ್ಟುತ್ತವೆ.

ಗಾಲಿಯನ್ನು ಒಂದು ಬಕೆಟ್ ಮೇಲೆ ಅಡ್ಡ ಮಲಗಿಸಿ ಪಕ್ಕಕ್ಕೆ ಹತ್ತು ನಿಮಿಷ, ಆಮೇಲೆ ಮಗುಚಿ ಹತ್ತು ನಿಮಿಷ. 70 ಕೆಜಿ ಸವಾರರಿಗೆ ಮುಂದಿನ ಗಾಲಿಗೆ 20-23 ಪಿಎಸ್‌ಐ ಸಾಕಾಗುತ್ತೆ, ಆದರೆ ಮೊದಲ ದಿನ 25ರಲ್ಲೇ ಓಡಿಸಿ. ಸಮತಟ್ಟು ದಾರಿಯಲ್ಲಿ ಕಾಲು ಗಂಟೆ ತಿರುಗಿ ಬಂದು ಎರಡೂ ಪಕ್ಕದ ಗೆರೆ ಇನ್ನೊಮ್ಮೆ ನೋಡಿ. ಅದು 4 ಮಿಮೀಯಲ್ಲೇ ನಿಂತಿದ್ದರೆ ಮಾತ್ರ ಒತ್ತಡ ಇಳಿಸಿ ಕಲ್ಲುದಾರಿಗೆ ಹೋಗಿ.